ಮೂರು ದಿನದ ಹಿಮ

ಎಣಿಕೆ ಕೇಂದ್ರ
ಬುಧವಾರ, ಮಾರ್ಚ್ ೪, ಬೆಳಗ್ಗೆ

ನನ್ನ ಗುಬ್ಬಿ,

ಪೂರ್ತಿ ಓದುವವರೆಗೆ ನನಗೆ ಫೋನು ಮಾಡಬೇಡ. ಶುಕ್ರವಾರ ತಲುಪಿಸುತ್ತೇನೆ ಎಂದು ಅಂಚೆ ಗಾಡಿಯವನು ಹೇಳಿದ್ದಾನೆ. ನಿನ್ನ ಭಾಷಣ ಸೋಮವಾರ. ನಡುವೆ ಎರಡು ದಿನ ಸಿಗುತ್ತದೆ, ಸಾಲದೆಂದು ಗೊತ್ತು.

ಜನವರಿಯ ಆ ಮೂರು ದಿನ ನಮ್ಮ ಯಂತ್ರದಲ್ಲಿ ಆಕಾಶದಿಂದ ಬರುವ ಕಣಗಳ ಎಣಿಕೆ ಇಳಿದಿತ್ತಲ್ಲ, ಅದು ನೀನಂದುಕೊಂಡಂತೆ ಸೂರ್ಯನ ಬಿರುಗಾಳಿಯ ಕೆಲಸವಲ್ಲ ಕಣೇ. ನನ್ನದು.

ಗಾಳಿಯ ಒತ್ತಡ ಏರಿದರೆ ಎಣಿಕೆ ಇಳಿಯುತ್ತದೆ, ಅದನ್ನು ಸರಿದೂಗಿಸಲು ಒತ್ತಡಮಾಪಕವಿದೆ. ಚಾವಣಿಯ ಮೇಲೆ ಹಿಮ ಕೂತರೂ ಇಳಿಯುತ್ತದೆ. ಅದಕ್ಕೆ ಇರುವುದು ನಾನು ಮತ್ತು ಒಂದು ಸಲಿಕೆ ಮಾತ್ರ.

ಕೆಳಗಿಳಿದ ಮೇಲೆ ಬೆರಳು ಮರಗಟ್ಟಿ ಪೆನ್ನು ಹಿಡಿಯಲಾಗದೆಂದು, ಹತ್ತೊಂಬತ್ತು ವರ್ಷದಿಂದ ನಾನು ಒಲೆಯ ಪಕ್ಕ ಕೂತು ದಾಖಲೆ ಪುಸ್ತಕದ ‘ಚಾವಣಿ ಶುಚಿ’ ಎಂಬಲ್ಲಿ ಮೊದಲೇ ಗುರುತು ಹಾಕಿ, ಆಮೇಲೆ ಏಣಿ ಹತ್ತುತ್ತಿದ್ದೆ. ಆ ಮೂರರಲ್ಲಿ ಮೊದಲನೆಯ ದಿನವೂ ಹಾಕಿದೆ. ಮೂರನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮಂಡಿ ಊದಿಕೊಂಡಿತು. ಗುರುತನ್ನು ಹೊಡೆದುಹಾಕಲಿಲ್ಲ. ಮರುದಿನವೂ ಅದರ ಮರುದಿನವೂ ಏಣಿಯ ಹತ್ತಿರ ಸುಳಿಯದೆಯೇ ಗುರುತು ಹಾಕಿದೆ. ಹತ್ತಲಾಗದವಳೆಂದು ಗೊತ್ತಾದರೆ ಮೇಲಿನವರು ನನ್ನನ್ನು ಕೆಲಸದಿಂದ ಕಳಿಸಿಬಿಡುತ್ತಾರೆಂಬ ಭಯ. ನಾಲ್ಕನೆಯ ದಿನ ಬಿಸಿಲಿಗೆ ಹಿಮ ತಾನೇ ಜಾರಿತು, ಎಣಿಕೆ ಮೇಲೆದ್ದಿತು. ಸದ್ಯ ಬಚಾವಾದೆ ಎಂದುಕೊಂಡೆ.

ನೀನು ಅದೇ ಇಳಿಕೆಯ ಮೇಲೆ ಪ್ರಬಂಧ ಕಟ್ಟುತ್ತೀಯೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಕಳೆದ ವಾರ ಫೋನಿನಲ್ಲಿ ನೀನು, ಅಮ್ಮಾ, ಬೇರೆ ಯಾವ ಕೇಂದ್ರದಲ್ಲೂ ಇದು ಕಾಣ್ತಿಲ್ಲ, ನೀನು ಹಿಮ ತೆಗೆದಿದ್ದೆ ತಾನೆ ಅಂತ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನಗೇ ಪಾಠ ಹೇಳ್ತೀಯಾ ಎಂದು ರೇಗಿಬಿಟ್ಟೆ. ನೀನು ತಪ್ಪಾಯ್ತಮ್ಮಾ ಅಂದೆ.

ಪುಸ್ತಕದ ಆ ಹಾಳೆ ಈ ಲಕೋಟೆಯೊಳಗಿದೆ. ಅಂಚಿನಲ್ಲಿ ನಡೆದದ್ದನ್ನು ಬರೆದು ಸಹಿ ಹಾಕಿದ್ದೇನೆ. ಸೋಮವಾರ ವೇದಿಕೆ ಹತ್ತುವುದಾದರೆ ಇದನ್ನು ಹೇಳಲೆಂದೇ ಹತ್ತು. ಎರಡು ತಿಂಗಳ ನಿನ್ನ ಶ್ರಮದ ಮೇಲೆ ನಾನೇ ಕಲ್ಲು ಹಾಕಿದೆ. ಎಷ್ಟಾದರೂ ಬೈದುಕೋ, ಮಾತು ಮಾತ್ರ ಬಿಡಬೇಡ.

ಇನ್ನೂ ಕುಂಟುತ್ತಿರುವ
ನಿನ್ನ ಅಮ್ಮ

ಮತ್ತೆ: ಹಾಳೆಯ ನಕಲು ಇದೇ ಗಾಡಿಯಲ್ಲಿ ನಿನ್ನ ಮಾರ್ಗದರ್ಶಕರಿಗೂ ಹೋಗುತ್ತಿದೆ. ಮೊದಲು ಅನುಮಾನಪಟ್ಟವಳು ನೀನೇ ಎಂದು ಬರೆದಿದ್ದೇನೆ, ಅದು ಸುಳ್ಳಲ್ಲ. ನಿನಗೊಬ್ಬಳಿಗೇ ಕಳಿಸಿದ್ದರೆ, ಅಮ್ಮನ ಕೆಲಸ ಉಳಿಯಲೆಂದು ನೀನು ಅದನ್ನು ಬಚ್ಚಿಟ್ಟುಬಿಡುತ್ತಿದ್ದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ನನಗೆ ಅದೇ ಹೆದರಿಕೆ.