ಸೇನಾಪತಿಯ ತೇಗು

ಪೆನ್ನಾಗರಂ
18-2-1996

ಒಂದು ಕಾಲದ ನಮ್ಮ ನಾಟಕದ ಪಟ್ಟದರಾಣಿ, ಈಗ ಸೇಲಂ ಪಟ್ಟಣದಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕುಳಿತಿರುವ ನನ್ನ ಪ್ರಾಣಮಿತ್ರ ನಂಜಪ್ಪನ ಸಮ್ಮುಖಕ್ಕೆ, ನಿನ್ನ ಸೇನಾಪತಿ ತಿಮ್ಮರಾಜು ಕಿರೀಟವಿಲ್ಲದ ತಲೆ ಬಾಗಿಸಿ ಮಾಡುವ ವಂದನೆಗಳು.

ನಾನು ಇಲ್ಲಿ ಕ್ಷೇಮ. ಈಗ ತಾನೇ ಪಕ್ಕದ ಮನೆಯ ಕುಪ್ಪಮ್ಮ ತಂದುಕೊಟ್ಟ ಮುದ್ದೆ, ಅವರೆಕಾಳು ಸಾರು ಉಂಡು, ಬೀದಿಗೆಲ್ಲ ಕೇಳುವಂತೆ ತೇಗಿ, ಬರೆಯಲು ಕುಳಿತಿದ್ದೇನೆ. ದೀಪಾವಳಿಗೆ ನೀನು ಹಾಕಿದ ಕಾಗದಕ್ಕೆ ಪೊಂಗಲ್ ಕಳೆದ ಮೇಲೆ ಉತ್ತರ ಬರುತ್ತಿದೆ, ಬೈಯುವುದಿದ್ದರೆ ಬೈದುಬಿಡು. ಅಂಚೆಯವನ ಮೇಲೆ ತಪ್ಪು ಹೊರಿಸಲು ಒಂದು ಒಳ್ಳೆಯ ಸಂಭಾಷಣೆ ಕಟ್ಟಿಕೊಂಡಿದ್ದೆ. ಆದರೆ ನಿನ್ನ ಮುಂದೆ ನನ್ನ ಸುಳ್ಳು ಯಾವತ್ತು ನಿಂತಿದೆ? ನಿಜ ಏನೆಂದರೆ, ಗಟ್ಟಿಯಾಗಿ ಓದಿಕೊಳ್ಳದೆ ನನಗೆ ಬರೆಯಲು ಬಾರದು. ನನ್ನಾಕೆ ಮುತ್ತಮ್ಮ ಹೋದ ಮೇಲೆ ಈ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ನನ್ನ ಗಂಟಲು ಗೋಡೆಗೆ ಬಡಿದು ನನಗೇ ವಾಪಸ್ಸು ಬರುತ್ತದೆ. ಅದನ್ನು ಕೇಳಲಾಗದೆ ಪೆನ್ನು ಮುಚ್ಚಿಟ್ಟುಬಿಡುತ್ತಿದ್ದೆ.

ಇನ್ನೊಂದು ಮಾತು. ಈ ಊರಿನಲ್ಲಿ ಕನ್ನಡ ಆಡುವವರು ಸಂತೆ ತುಂಬ ಸಿಗುತ್ತಾರೆ. ಓದುವವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ನಮ್ಮ ಪಾಪಣ್ಣ ವಾದ್ಯಾರರು ನಾಟಕದ ಮಾತು ಬಾಯಿಪಾಠ ಮಾಡಿಸುವಾಗ ನಮ್ಮಿಬ್ಬರಿಗೂ ಬೆತ್ತದ ತುದಿಯಿಂದ ಮಣ್ಣಿನ ಮೇಲೆ ಬರೆದು ಕಲಿಸಿದ ಅಕ್ಷರ ಇದು. ನೀನು ಓದಲಿಲ್ಲವೆಂದರೆ ಇದು ಬರಿಯ ಸುರುಳಿ ಗೆರೆ.

ಈಗ ಪರದೆ ಎತ್ತುತ್ತೇನೆ, ಕೇಳು.

ಇಲ್ಲಿನ ಹೈಸ್ಕೂಲಿನ ಎಚ್.ಎಂ. ವಿಶ್ವನಾಥನ್ ಒಂದು ದಿನ ನನ್ನನ್ನು ಕರೆಸಿ, ‘ಅಯ್ಯಾ, ಆಂಡು ವಿಳಾ ಬರುತ್ತಿದೆ, ಮಕ್ಕಳಿಗೆ ಒಂದು ನಾಟಕ ಕಲಿಸಿಕೊಡಿ’ ಎಂದರು. ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮ ‘ಕೋಟೆಯ ಔತಣ’ಕ್ಕಿಂತ ಬೇರೆ ಯಾವ ನಾಟಕ ಬೇಕು? ಕೂತು ತಮಿಳಿಗೆ ತಿರುಗಿಸಿದೆ. ಮೇಚೇರಿಯಿಂದ ಕಾರಿಮಂಗಲದವರೆಗೆ ನಾವು ಆಡದ ಊರಿಲ್ಲ, ನಿನಗೆ ಮರೆತಿರಲಾರದು. ಆದರೂ ಹೇಳುತ್ತೇನೆ, ಹೇಳುವ ಸುಖವನ್ನು ನನ್ನಿಂದ ಕಿತ್ತುಕೊಳ್ಳಬೇಡ. ವೈರಿ ಕೋಟೆಗೆ ಮುತ್ತಿಗೆ ಹಾಕಿದ್ದಾನೆ. ಒಳಗೆ ಒಂದು ಹಿಡಿ ಕಾಳಿಲ್ಲ. ಕಣಜದಲ್ಲಿ ಎಷ್ಟು ಉಳಿದಿದೆ ಎಂದು ನೋಡಿಕೊಂಡು ಹೋಗಲು ವೈರಿಯ ದೂತ ಬರುತ್ತಾನೆ. ರಾಣಿ ಹೊನ್ನಾಜಿ ಬರಿದಾದ ಗಡಿಗೆಗಳನ್ನು ಸಾಲಾಗಿ ಇರಿಸಿ, ಇಲ್ಲದ ಅನ್ನ ಬಡಿಸಿ, ಇಲ್ಲದ ತುತ್ತು ಉಣ್ಣುತ್ತಾಳೆ. ಜೊತೆಗೆ ಕೂತ ಸೇನಾಪತಿ ಕೊನೆಗೊಂದು ತೇಗು ತೇಗುತ್ತಾನೆ. ಅದನ್ನು ಕೇಳಿದ ದೂತ, ‘ಇವರ ಬಳಿ ವರ್ಷಕ್ಕಾಗುವಷ್ಟು ದವಸವಿದೆ’ ಎಂದು ಹೋಗಿ ಹೇಳುತ್ತಾನೆ, ಸೈನ್ಯವೇ ಗುಡಾರ ಕಿತ್ತುಕೊಂಡು ಹೊರಟುಹೋಗುತ್ತದೆ! ನೀನು ರಾಣಿ, ನಾನು ಸೇನಾಪತಿ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಇಲ್ಲದ ತುತ್ತಿನ ನಿನ್ನ ನುಂಗಿಗೆ. ಗಂಡಸರು ತೊಡೆ ತಟ್ಟಿ ನಕ್ಕದ್ದು ನನ್ನ ತೇಗಿಗೆ.

ಆ ತೇಗು ಶಾಲೆಯ ಯಾವ ಹುಡುಗನಿಗೂ ಬರಲಿಲ್ಲ. ಕೊನೆಗೆ ಈ ನರೆತ ಮೀಸೆಗೇ ಬಣ್ಣ ಹಚ್ಚಿಕೊಂಡು ಸೇನಾಪತಿ ನಾನೇ ಆದೆ. ರಾಣಿಯ ವೇಷಕ್ಕೆ ಒಂಬತ್ತನೆಯ ಕ್ಲಾಸಿನ ಸತ್ಯಾ ಎಂಬ ಹುಡುಗಿಯನ್ನು ಆರಿಸಿದೆ. ನಮ್ಮವರೇ, ಮನೆಮಾತು ಕನ್ನಡ. ತಾಯಿ ರಾಜಾತಿ ಮೇಕೆ ಸಾಕಿಕೊಂಡು, ಎರಡು ತುಂಡು ರಾಗಿ ಹೊಲ ನೋಡಿಕೊಂಡಿದ್ದಾಳೆ. ಮೈತುಂಬಿದ ಹುಡುಗಿ; ಬಾಯಿ ತೆರೆದರೆ ಕಂಚಿನ ಗಂಟೆ. ಬರಿಗೈ ಊಟವನ್ನು ನಿನ್ನ ಪದ್ಧತಿಯಲ್ಲೇ ಕಲಿಸಿದೆ: ಬೆರಳು ಮಡಚುವುದು, ಹೆಬ್ಬೆರಳಿನಿಂದ ತುತ್ತು ತಳ್ಳುವುದು, ನಾಲಗೆಯಿಂದ ಕೆನ್ನೆ ಉಬ್ಬಿಸುವುದು, ಆಮೇಲೆ ನುಂಗುವ ಮೊದಲು ಬಿಸಿ ತಾಗಿದವರಂತೆ ಒಂದು ಚಣ ಕಣ್ಣು ಮುಚ್ಚುವುದು. ಹುಡುಗಿ ಒಂದೇ ವಾರದಲ್ಲಿ ಕಲಿತುಬಿಟ್ಟಳು. ‘ನಂಜಪ್ಪ ಮತ್ತೆ ಹುಟ್ಟಿದ!’ ಎಂದು ಕೂಗಿದೆ. ನೀನು ಇನ್ನೂ ಸತ್ತಿಲ್ಲ ಎಂಬುದು ಆಮೇಲೆ ನೆನಪಾಯಿತು.

ಮೊದಲ ಸಲ ಪೂರ್ತಿ ನಾಟಕ ಆಡಿಸಿದ ದಿನ, ದಾಸಿಯ ವೇಷದ ರೋಜಾ ಎಂಬವಳು ಮಧ್ಯದಲ್ಲೇ ಕೈ ತಿರುಗಿಸಿ ಹೇಳಿದಳು: “ಆರು ತಿಂಗ್ಳಿಂದ ಮುತ್ತಿಗೆ ಅಂತೆ, ನಾವೆಲ್ಲ ಕಡ್ಡಿ ಆಗೋದ್ವಿ. ರಾಣಿಯಮ್ಮ ಮಾತ್ರ ಒಂದು ಚೂರೂ ಕರಗಿಲ್ವಲ್ಲಾ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಮಯ ನೋಡಿ ಎಸೆದ ಮಾತು, ನಾನೂ ನಕ್ಕೆ. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ಸತ್ಯಾ. ಅದೇ ವಾರ ಶಾಲೆಯಲ್ಲಿ ತೂಕ ನೋಡಿದರಂತೆ. ಜಗುಲಿಯ ಮೇಲೆ ಯಂತ್ರ, ಪಿ.ಟಿ. ಮಾಸ್ತರರು ಒಬ್ಬೊಬ್ಬರದೂ ಕೂಗಿ ಹೇಳಿದ್ದು, ಹುಡುಗರು ಕಿಟಕಿಯಲ್ಲಿ ನೇತುಬಿದ್ದು ಸತ್ಯಾಳ ತೂಕಕ್ಕೆ ಶಿಳ್ಳೆ ಹಾಕಿದ್ದು. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಮಾರ್ಗಳಿಯ ಚಳಿ ಬರುವ ಹೊತ್ತಿಗೆ ಆ ಕಂಚಿನ ಗಂಟೆ ಒಡೆಯಿತು. “ಏನಮ್ಮಣ್ಣಿ, ನಿನ್ನ ಶಬ್ದ ಎರಡನೇ ಬೆಂಚಿಗೇ ಬಿದ್ದೋಯ್ತದಲ್ಲಾ?” ಎಂದು ಗದರಿದೆ. “ನೆಗಡಿ ತಾತ” ಎಂದಳು. ರವಿಕೆ ತೋಳಲ್ಲಿ ಗಾಳಿ ಆಡುತ್ತಿತ್ತು. ಹುಡುಗಿಯರು, “ಎಂಗೇ ಇಳಿದೋದೆ? ನಮಗೂ ಹೇಳೇ” ಎಂದು ಸುತ್ತ ಮುತ್ತಿಕೊಂಡರು. ಆಗ ಅವಳ ಮುಖ ನೋಡಬೇಕಿತ್ತು. ಪಟ್ಟಾಭಿಷೇಕ ಆದವರ ಮುಖದಂತೆ ಇತ್ತು.

ಒಂದು ಭಾನುವಾರ ಮಧ್ಯಾಹ್ನ ವೇಷದ ಸೀರೆ ಕೊಟ್ಟುಬರಲೆಂದು ಅವಳ ಮನೆಗೆ ಹೋದೆ. ರಾಜಾತಿ ಬಿಡಲಿಲ್ಲ. “ಬಾಗಿಲಲ್ಲೇ ನಿಂತ್ರೆ ಎಂಗಣ್ಣಾ? ಒಂದು ಮುದ್ದೆ ಉಂಡ್ಕೊಂಡೋಗು” ಎಂದು ಜಗುಲಿಯ ಮೇಲೆ ಎಲೆ ಹಾಕಿದಳು. ಎದುರಿಗೆ ಸತ್ಯಾ, ತಟ್ಟೆ ಹಿಡಿದು. ಅವಳ ಪಕ್ಕದ ಕಂಬಕ್ಕೆ ಒಂದು ಮೇಕೆಮರಿ. “ನೋಡಣ್ಣಾ ಈ ಮರೀನ! ಏನ್ ತಿಂತೈತೋ, ಎಂಗೆ ಗುಂಡಗೆ ಆಗೈತೆ!” ಎಂದು ರಾಜಾತಿಗೆ ಹೆಮ್ಮೆ.

ಸತ್ಯಾ ಉಣ್ಣತೊಡಗಿದಳು. ಮುದ್ದೆ ಮುರಿದಳು, ಸಾರಿಗೆ ಅದ್ದಿದಳು, ಕೈ ಬಾಯಿಗೆ ಹೋಯಿತು, ಕೆನ್ನೆ ಉಬ್ಬಿತು. ಒಂದು ಚಣ ಕಣ್ಣು ಮುಚ್ಚಿ ನುಂಗಿದಳು.

ನಂಜಪ್ಪಾ! ಅದು ನಿನ್ನ ನುಂಗು!

ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ನುಂಗುವುದೇ ತಾನೆ. ನುಂಗು ಸರಿಯಾಗಿದ್ದರೆ ಹೆತ್ತ ತಾಯಿಗೂ ಅನುಮಾನ ಬರದು. ನಾನು ಚಪ್ಪಾಳೆಗೆ ಕೈ ಎತ್ತಿಬಿಟ್ಟಿದ್ದೆ. ಆಗ ಅವಳ ಅಂಗೈ ಲಂಗದ ಮರೆಯಲ್ಲಿ ಮೇಕೆಮರಿಯ ಬಾಯಿಗೆ ಹೋದದ್ದು ಕಾಣಿಸಿತು. ಎತ್ತಿದ ಕೈ ಹಾಗೆಯೇ ನಿಂತಿತು. ಇಲ್ಲಿ ವೇದಿಕೆಯಿಲ್ಲ, ಪರದೆಯಿಲ್ಲ. ಈ ಹುಡುಗಿ ದಿನಾ ಹೆತ್ತವಳ ಎದುರಿಗೆ ಕೋಟೆಯ ಔತಣ ಆಡುತ್ತಿದ್ದಾಳೆ. ಒಳಗೆ ನಿಜವಾಗಿಯೂ ಒಂದು ಹಿಡಿ ಕಾಳಿಲ್ಲ.

ತಾಯಿಯ ಎದುರು ಬಯಲು ಮಾಡಲು ಬಾಯಿ ಬರಲಿಲ್ಲ. ಏನೂ ತೋಚದೆ ಒಂದು ತೇಗು ತೇಗಿ, ಎಲೆ ಮಡಚಿ ಮೇಕೆಮರಿಯ ಮುಂದೆ ಸರಿಸಿದೆ. “ಅಬ್ಬಬ್ಬಾ, ಅಣ್ಣನ ತೇಗು ಒಗೇನಕಲ್ಲಿಗೆ ಕೇಳ್ತದೆ!” ಎಂದು ರಾಜಾತಿ ನಕ್ಕಳು. ಸತ್ಯಾ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಮರುದಿನ ವಿಜ್ಞಾನದ ಪುಷ್ಪಾ ಟೀಚರ್ ಬಳಿ ಹೋದೆ. ನಾನು ಬಾಯಿ ತೆರೆಯುವ ಮುಂಚೆ ಅವರೇ, “ಸತ್ಯಾ ವಿಷಯ ತಾನೆ ಸಾರ್? ಪ್ರೇಯರ್‌ನಲ್ಲಿ ತಲೆ ಸುತ್ತಿ ಗೋಡೆ ಹಿಡ್ಕೊಂಡ್ಳು. ಸತ್ತುಣವಿಗೆ ತಟ್ಟೆ ತಗೋತಾಳೆ, ತೊಳೆದಿಡ್ತಾಳೆ, ನಡುವೆ ಏನು ಮಾಡ್ತಾಳೆ ಅಂತ ತಿಳೀದೆ ಒದ್ದಾಡ್ತಿದ್ದೆ” ಎಂದರು. ಶಾಲೆಯ ಮಧ್ಯಾಹ್ನದೂಟದಲ್ಲೂ ಅದೇ ಆಟವೆಂದು ಆಗ ತಿಳಿಯಿತು. ಇಬ್ಬರೂ ಹೋಗಿ ರಾಜಾತಿಗೆ ಮೆಲ್ಲಗೆ ಹೇಳಿದೆವು. “ನನ್ನ ಕಣ್ಣೆದುರೇ ಉಣ್ತಿದ್ಲಲ್ಲಣ್ಣಾ! ನಾನೇ ಬಡಿಸ್ತಿದ್ನಲ್ಲಾ!” ಎಂದು ಎದೆ ಬಡಿದುಕೊಂಡವಳು, ಕಂಬದ ಬಳಿಯ ಮೇಕೆಮರಿ ನೋಡಿ ತಟ್ಟನೆ ಅದರ ಹಗ್ಗ ಬಿಚ್ಚತೊಡಗಿದಳು.

ಟೀಚರ್ ಧರ್ಮಪುರಿಯ ಒಬ್ಬ ಡಾಕ್ಟರಮ್ಮನ ಬಳಿ ತಾಯಿ ಮಗಳನ್ನು ಕರೆದುಕೊಂಡು ಹೋದರು. ಆಕೆ ಬೈಯಲಿಲ್ಲವಂತೆ, ಹೆದರಿಸಲೂ ಇಲ್ಲ. ಇದು ಹಟವೂ ಅಲ್ಲ, ಕೊಬ್ಬೂ ಅಲ್ಲ, ಬೇರು ಬಿಟ್ಟರೆ ಜೀವಕ್ಕೇ ಕೈ ಹಾಕುವ ಕಾಯಿಲೆ, ಮೊದಲೇ ಕಂಡದ್ದು ಒಳ್ಳೆಯದಾಯಿತು ಎಂದರಂತೆ. ಬಾಯಿಗೆ ತುರುಕಬೇಡಿ, ಪಕ್ಕದಲ್ಲಿ ಕೂತು ನೀವೂ ಉಣ್ಣಿ, ದಪ್ಪ ಸಣ್ಣ ಎನ್ನುವ ಮಾತು ಮನೆಯಲ್ಲೂ ಬೇಡ ಶಾಲೆಯಲ್ಲೂ ಬೇಡ, ಹೊಗಳಿಕೆಗೂ ಬೇಡ, ತಿಂಗಳು ತಿಂಗಳು ಕರೆದುಕೊಂಡು ಬನ್ನಿ ಎಂದರಂತೆ.

ಎಚ್.ಎಂ. ಹೆದರಿ, ನಾಟಕವೇ ಬೇಡವೆಂದುಬಿಟ್ಟರು. “ನಾಡಗಮೂ ವೇಂಡಾಂ, ಒಣ್ಣೂ ವೇಂಡಾಂ. ಇಲ್ಲಾಂದ್ರೆ ರಾಣಿ ಪಾರ್ಟು ಆ ರೋಜಾಗೆ ಕೊಡಿ” ಎಂದರು. ನಾನು ಎದ್ದು ನಿಂತೆ. ನನ್ನ ಗಂಟಲು ನಿನಗೆ ಗೊತ್ತು. ಸ್ಟಾಫ್ ರೂಮಿನಲ್ಲಿ ಚಹಾ ಲೋಟ ನಡುಗಿದವಂತೆ. “ಸ್ವಾಮೀ, ಈಗ ವೇಷ ಕಿತ್ತುಕೊಂಡರೆ, ಶಿಳ್ಳೆ ಹಾಕಿದವರ ಮಾತೇ ಸರಿ ಎಂದು ನಾವೇ ಮುದ್ರೆ ಒತ್ತಿಕೊಟ್ಟ ಹಾಗೆ! ರವಿಕೆ ಬಿಗಿಯಾದರೆ ಹೊಲಿಗೆ ಬಿಚ್ಚಿಸುತ್ತೇನೆ, ರಾಣಿಯನ್ನು ಕತ್ತರಿಸುವುದಿಲ್ಲ!” ಎಂದೆ. ಒಳ್ಳೆಯ ಮನುಷ್ಯ, ಸ್ವಲ್ಪ ಹೊತ್ತು ಕನ್ನಡಕ ಒರೆಸಿಕೊಂಡು ಒಪ್ಪಿದರು. ತೂಕದ ಯಂತ್ರ ಅಂದೇ ಒಳಕೋಣೆಗೆ ಹೋಯಿತು. ಕೂಗಿ ಹೇಳುವುದು ನಿಂತಿತು. ಮಾರನೆಯ ದಿನದಿಂದ ಟೀಚರುಗಳೆಲ್ಲ ಬೇವಿನ ಮರದ ಕೆಳಗೆ ಮಕ್ಕಳ ನಡುವೆ ಡಬ್ಬಿ ಬಿಚ್ಚಿ ಕೂತರು. ಪುಷ್ಪಾ ಟೀಚರ್ ರೋಜಾಗೆ ಏನು ಹೇಳಿದರೋ ತಿಳಿಯದು, ಅವಳು ತನ್ನ ತಟ್ಟೆ ಎತ್ತಿಕೊಂಡು ಬಂದು ಸತ್ಯಾಳ ಪಕ್ಕ ಕೂತು, “ನೀನು ಕೂಗ್ಲಿಲ್ಲ ಅಂದ್ರೆ ನಮ್ಮ ಕೋಟೆ ಬಿದ್ದೋಯ್ತದೆ ಕಣೇ” ಎಂದಳು. ಸತ್ಯಾ ಅವಳತ್ತ ನೋಡಲಿಲ್ಲ, ದೂರವೂ ಸರಿಯಲಿಲ್ಲ.

ಎಲ್ಲ ಸರಿಹೋಯಿತು ಎಂದು ಮಂಗಳ ಹಾಡಲಾರೆ. ಒಂದು ದಿನ ಉಣ್ಣುತ್ತಾಳೆ, ಒಂದು ದಿನ ಆಡುತ್ತಾಳೆ. ರಾಜಾತಿ ಮೇಕೆಮರಿಯನ್ನು ಹಿತ್ತಿಲಿಗೆ ಕಟ್ಟಿ, ಒತ್ತಾಯ ಮಾಡದೆ ಜೊತೆಗೆ ಕೂತು ಉಣ್ಣುತ್ತಾಳೆ. ಒಂದು ಸಂಜೆ ಸತ್ಯಾಳೇ ಕೇಳಿದಳು: “ತಾತ, ವೈರಿ ಒಂಟೋದ್ಮೇಲೆ ರಾಣಿ ನಿಜವಾಗ್ಲೂ ಉಣ್ಣಲ್ವಾ? ಅಂಗೇ ಪರದೆ ಬಿಟ್ಬಿಡ್ತೀರಾ?”

ನಂಜಪ್ಪಾ, ಇಷ್ಟು ವರ್ಷ ಆಡಿದೆವು, ನಮಗೆ ಇದು ಹೊಳೆಯಲೇ ಇಲ್ಲವಲ್ಲ! ಟೀಚರ್ ಮೂಲಕ ಡಾಕ್ಟರಮ್ಮನನ್ನು ಕೇಳಿಸಿದೆ. ಅವಳಾಗಿ ಕೇಳಿದ್ದಾದರೆ ಆಗಲಿ, ಒಂದೇ ತುತ್ತಾದರೂ ಸಾಕು, ಯಾರೂ ಒತ್ತಾಯ ಮಾಡಬೇಡಿ ಎಂದರು. ನಾನು ಒಂದು ದೃಶ್ಯ ಹೊಸದಾಗಿ ಕಟ್ಟಿದೆ. ಕೋಟೆ ಬಾಗಿಲು ತೆರೆಯುತ್ತದೆ, ಹಳ್ಳಿಯವರು ನಿಜವಾದ ಊಟ ತರುತ್ತಾರೆ.

ಮೊನ್ನೆ ಶುಕ್ರವಾರ ಸಂಜೆ ಆಟ. ಮೈದಾನ ತುಂಬ ಜನ. ರಾಜಾತಿ ಕೈಯಾರೆ ಮಾಡಿದ ಮುದ್ದೆ, ಸಾರು. ನನ್ನ ತೇಗಿಗೆ ಮಕ್ಕಳು ಕುರ್ಚಿ ಬಿಟ್ಟೆದ್ದರು. ಕೊನೆಯ ದೃಶ್ಯದಲ್ಲಿ ರಾಣಿ ಮೊದಲು ಸೇನಾಪತಿಗೆ ಬಡಿಸಿದಳು, ಆಮೇಲೆ ತನಗೆ. ಮುದ್ದೆ ಮುರಿದು ಕೈಯಲ್ಲಿ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ಪರದೆಯ ಸಂದಿಯಲ್ಲಿ ಪುಷ್ಪಾ ಟೀಚರ್ ಬೆರಳು ಕಚ್ಚಿಕೊಂಡು ನಿಂತಿದ್ದರು. ಕೊನೆಗೆ ಉಂಡಳು. ಕಣ್ಣು ಮುಚ್ಚಲಿಲ್ಲ, ಕೆನ್ನೆ ಉಬ್ಬಿಸಲಿಲ್ಲ. ಕಲೆ ಎಂಬುದೇ ಇಲ್ಲದ, ಹಸಿದ ಮಕ್ಕಳು ನುಂಗುವ ಮಾಮೂಲಿ ನುಂಗು. ನಾನು ಕಂಡ ನುಂಗುಗಳಲ್ಲಿ ಅದೇ ದೊಡ್ಡದು, ನೀನು ಮುನಿಸಿಕೊಂಡರೂ ಸರಿ.

ನಿನ್ನ ಮೊಮ್ಮಕ್ಕಳಿಗೆ ಈ ಮುದುಕನ ಆಶೀರ್ವಾದ. ಅವರ ಮೈಯನ್ನು ಯಾರೂ ಯಾವತ್ತೂ ಕೂಗಿ ಅಳೆಯದಿರಲಿ. ನಿನ್ನ ಮಗ್ಗದ ನೂಲು ಹರಿಯದಿರಲಿ, ಮಂಡಿ ಮಡಚಲಿ.

ಇಂತು ನಿನ್ನ ಸೇನಾಪತಿ,
ತಿಮ್ಮರಾಜು

ಮರೆತ ವಿಷಯ: ಮರೆತಿದ್ದೆ ಎಂದು ಬರೆಯಹೊರಟೆ. ಮರೆತಿರಲಿಲ್ಲ. ವೇದಿಕೆಯ ಮೇಲೆ ಆ ‘ಬಹಳ ಹೊತ್ತು’ ಸತ್ಯಾ ನೋಡುತ್ತಿದ್ದದ್ದು ತನ್ನ ಕೈಯಲ್ಲಿದ್ದ ಮುದ್ದೆಯನ್ನಲ್ಲ, ನನ್ನ ಗಂಟಲನ್ನು. ನಾಟಕವೆಲ್ಲ ತಮಿಳಿನಲ್ಲಿ, ಅವಳು ತುಟಿ ಅಲ್ಲಾಡಿಸದೆ ಕನ್ನಡದಲ್ಲಿ ಅಂದಳು: “ತಾತ, ಮೊದ್ಲು ನೀನು ನುಂಗು. ಅವತ್ತು ನಮ್ಮನೆ ಜಗುಲಿ ಮೇಲೆ ನೋಡ್ದೆ. ಮೇಕೆ ನಿಂದೂ ತಿಂತು.”

ಮುತ್ತಮ್ಮ ಹೋದ ಆಷಾಢದಿಂದ ಹೀಗೆಯೇ. ಕುಪ್ಪಮ್ಮ ತಟ್ಟೆ ತಂದು ಬಾಗಿಲಲ್ಲಿ ನಿಲ್ಲುತ್ತಾಳೆ. ನಾನು ಉಣ್ಣುವುದನ್ನು ಆಡಿ ತೋರಿಸಿ ತೇಗುತ್ತೇನೆ. ಅವಳು ಸಂತೋಷದಿಂದ ಹೋಗುತ್ತಾಳೆ. ಹಿಂದಿನ ಗೋಡೆಯ ಕಾಗೆಗಳಿಗೆ ಔತಣ. ಜೀವ ಹಿಡಿಯಲು ಎರಡು ಲೋಟ ಚಹಾ, ಒಂದು ಬನ್ನು. ನನಗೆ ಮೈ ಇಳಿಯಬೇಕೆಂಬ ಆಸೆಯೇನಿಲ್ಲ. ಎದುರಿಗೆ ಕೂತು ಉಪ್ಪು ಜಾಸ್ತಿ ಹಾಕಿಕೊಳ್ಳಬೇಡಿ ಎಂದು ಬೈಯುವವಳಿಲ್ಲದೆ ತುತ್ತು ಇಳಿಯುವುದಿಲ್ಲ, ಅಷ್ಟೇ. ಶುಕ್ರವಾರ ಆ ಮಗುವಿಗಾಗಿ ನುಂಗಿದೆ. ಕಣ್ಣಲ್ಲಿ ನೀರು ಬಂತು. ಜನ ಅಭಿನಯವೆಂದು ಚಪ್ಪಾಳೆ ತಟ್ಟಿದರು. ಇವತ್ತಿನ ತಟ್ಟೆ ಮತ್ತೆ ಕಾಗೆಗೇ ಹೋಯಿತು. ಮೇಲೆ ಮೊದಲಲ್ಲಿ ಉಂಡೆನೆಂದು ಬರೆದದ್ದು ಸುಳ್ಳು.

ಒಂದು ಭಾನುವಾರ ಧರ್ಮಪುರಿ ಬಸ್ಸು ಹತ್ತಿ ಬಾ. ಏನೂ ಮಾತಾಡಬೇಕಿಲ್ಲ. ಎದುರಿಗೆ ಕೂತು ನೀನೂ ಉಣ್ಣು, ನನ್ನ ಗಂಟಲು ನೋಡುತ್ತಿರು. ಆ ವಿದ್ಯೆ ಬಲ್ಲವನು ನೀನು, ನಿನ್ನ ಮುಂದೆ ನನ್ನ ಆಟ ನಡೆಯದು. ತೇಗು ಕೇಳಿ ಮಾತ್ರ ನಂಬಬೇಡ.