ನನ್ನ ತಂಗಿ ಚಿಕಿತ್ಸೆಯನ್ನು ನಿರಾಕರಿಸಿಲ್ಲ

ಪ್ರಾಂತದ ವೈದ್ಯ ಇಲಾಖೆಯ ಮೇಲಧಿಕಾರಿಗಳೇ,

"ರೋಗಿಯು ತಾನಾಗಿಯೇ ಚಿಕಿತ್ಸೆಯನ್ನು ನಿರಾಕರಿಸಿದ್ದಾಳೆ" ಎಂದು ತಮ್ಮ ಕಚೇರಿ ನನಗೆ ಉತ್ತರ ಬರೆದಿದೆ. ಇದು ಸುಳ್ಳು. ತಮ್ಮ ಘನತೆಗೆ ಒಪ್ಪುವಂಥ ಮೃದುವಾದ ಶಬ್ದವೊಂದನ್ನು ನಾನು ಹುಡುಕಿದೆ. ಇಷ್ಟು ಕಾಲದ ಓದಿನಲ್ಲಿ ಸಿಗಲಿಲ್ಲ.

ನನ್ನ ತಂಗಿ ಸಂಗಮ್ಮನ ಗರ್ಭಕೋಶದ ಕೊರಳಿನಲ್ಲಿ ಕ್ಯಾನ್ಸರ್ ಎಂಬ ಅರ್ಬುದ ರೋಗ ಮೊಳೆತದ್ದು ಶಿವನ ದಯೆಯಿಂದ ಬೇಗನೆ ತಿಳಿಯಿತು. ಬಳ್ಳಾರಿಯ ಶಸ್ತ್ರವೈದ್ಯರು ಗರ್ಭಕೋಶವನ್ನೇ ತೆಗೆದರು. ಆದರೆ ತೆಗೆದ ಭಾಗದ ಅಂಚಿನವರೆಗೂ ರೋಗದ ಸುಳಿವಿದೆಯೆಂದೂ, ಒಳಗೆ ಕಣ್ಣಿಗೆ ಕಾಣದೆ ಉಳಿದಿರಬಹುದಾದುದನ್ನು ಗಾಯ ಮಾಗಿದೊಡನೆ ಮದರಾಸಿನಲ್ಲಿ ರೇಡಿಯಂ ಕಿರಣಗಳಿಂದ ಸುಡಿಸಬೇಕೆಂದೂ, ತಡಮಾಡಿದರೆ ಶಸ್ತ್ರಕ್ರಿಯೆಯೇ ವ್ಯರ್ಥವಾದೀತೆಂದೂ ಎಚ್ಚರಿಸಿದರು. ಹೊಸಪೇಟೆಯಲ್ಲಿ ರೈಲು ಹತ್ತಿದೆವು.

ಮದರಾಸಿನ ಆಸ್ಪತ್ರೆಯಲ್ಲಿ ವಾರ್ಡಿನ ಬಾಗಿಲಲ್ಲಿಯೇ ತಡೆದರು. ರೋಗಿಯ ಮೈಮೇಲೆ ಲೋಹವಿರಕೂಡದಂತೆ. ಕೊರಳಿನ ಲಿಂಗವನ್ನು ಅದರ ಬೆಳ್ಳಿಯ ಕರಡಿಗೆಯ ಸಮೇತ ಬಿಚ್ಚಿ ಆಯಾಳ ಬುಟ್ಟಿಗೆ ಹಾಕಬೇಕಂತೆ. ದೀಕ್ಷೆಯಾದಂದಿನಿಂದ ಆಕೆಯ ದೇಹವನ್ನು ಅಗಲದ ಇಷ್ಟಲಿಂಗವದು. ಶಸ್ತ್ರಕ್ರಿಯೆಯ ವೇಳೆಯಲ್ಲಿಯೂ ಬಳ್ಳಾರಿಯ ವೈದ್ಯರು ಅದನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಲು ಬಿಟ್ಟಿದ್ದರು. ಅವರ ಕತ್ತಿಯೇನೂ ಮೊಂಡಾಗಲಿಲ್ಲ.

"ಯವ್ವಾ, ರೋಗ ಹೊಟ್ಟಿ ಕೆಳಗೈತಿ, ಲಿಂಗ ಎದಿಮ್ಯಾಲೈತಿ. ನಿಮ್ಮ ಕಿರಣಕ್ಕ ದಾರಿ ಗೊತ್ತಿಲ್ಲೇನು?" ಎಂದಳು ಸಂಗಮ್ಮ.

ಆಯಾ ಕೊಟ್ರಮ್ಮ ನಮ್ಮ ಕಡೆಯವಳೇ, ನಕ್ಕುಬಿಟ್ಟಳು. "ನನ್ಯಾಕ ಬೈತೀಬೇ? ದೊಡ್ಡೋರು ಮಾಡಿದ ರೂಲು. ಒಳಗ ಬಿಟ್ರ ನನ್ನ ಕೆಲಸ ಹೋಗ್ತೈತಿ."

"ಬೆಳ್ಳಿ ಕರಡಿಗಿ ನಮ್ಮಣ್ಣನ ಕೈಯಾಗ ಕೊಡ್ತೀನಿ. ಲಿಂಗ ಅಂಗೈಯಾಗ ಹಿಡ್ಕಂತೀನಿ. ಅದರಾಗ ಲೋಹದ ಚೂರೂ ಇಲ್ಲ. ಹೋಗಿ ಕೇಳ್ಕೊಂಡು ಬಾರವ್ವ, ನಿನ್ನ ಕಾಲಿಗೆ ಬೀಳ್ತೀನಿ."

ಕೊಟ್ರಮ್ಮ ಕೇಳಿ ಬಂದಳು. ಮೇಲಿನವರು ತಲೆಯೆತ್ತದೆಯೇ ಆಗದೆಂದರಂತೆ. ತೆರೆದ ಬಾಗಿಲಿನಿಂದ ಕಾಣುತ್ತಿದ್ದ ಮೊದಲ ಮಂಚದ ದೊರೆಸಾನಿಯ ಕೊರಳಲ್ಲಿ ಬಂಗಾರದ ಶಿಲುಬೆಯೊಂದು ಹೊಳೆಯುತ್ತಿತ್ತು. ಅದು ಅಲ್ಲಿಯೇ ಇರಲಿ, ಆ ತಾಯಿಯನ್ನು ಕಾಯಲಿ. ಆದರೆ ಬಂಗಾರವು ಲೋಹವಲ್ಲವೆಂದು ತಮ್ಮ ಶಾಸ್ತ್ರ ಯಾವಾಗ ತೀರ್ಮಾನಿಸಿತು, ಮಾನ್ಯರೇ? ಸಂಜೆಯವರೆಗೆ ಹೊಸ್ತಿಲಲ್ಲಿ ಕುಳಿತವಳು ನಿರಾಕರಿಸಿದವಳೋ, ಒಳಗಿನಿಂದ ಬಾಗಿಲು ಹಾಕಿಕೊಂಡವರೋ?

ಚಿಕಿತ್ಸೆಯಿಲ್ಲದೆಯೇ ಮರಳಿದೆವು. ಈಗ ಕಂಪ್ಲಿಯಲ್ಲಿ ಆಕೆ ರೊಟ್ಟಿ ತಟ್ಟುತ್ತಾಳೆ, ನಗುತ್ತಾಳೆ. "ಚಂದಾಗಿ ಅದಾಳಲ್ಲ, ಇನ್ಯಾಕ್ರೀ ಸ್ವಾಮಿ ಮದರಾಸು?" ಎಂದು ನೆರೆಯವರು ನನ್ನನ್ನೇ ಗದರುತ್ತಾರೆ. ಆಕೆಗೆ ನೋವಿಲ್ಲದಿರುವುದೇ ನನ್ನ ನಿದ್ರೆಯನ್ನು ಕೆಡಿಸಿದೆ. ಕಾಣದುದನ್ನು ನಂಬಿಯೇ ಬದುಕಿದ ಮುದುಕ ನಾನು. ಕಾಣದುದಕ್ಕೆ ಅಂಜಿರುವುದು ಇದೇ ಮೊದಲು.

ಆದಕಾರಣ, ಲಿಂಗವನ್ನು ಅಂಗೈಯಲ್ಲಿ ಹಿಡಿದಿರುವಂತೆಯೇ ಆಕೆಗೆ ಕಿರಣಚಿಕಿತ್ಸೆ ಕೊಡತಕ್ಕದ್ದೆಂದು ತಾವು ಒಡನೆ ಆಜ್ಞೆ ಮಾಡಬೇಕು. ಅದರಿಂದ ಚಿಕಿತ್ಸೆಗೆ ನಿಜವಾಗಿ ಬಾಧೆಯಿದ್ದರೆ ವೈದ್ಯರೇ ಎದುರು ಬಂದು ತಿಳಿಹೇಳಲಿ. ನನ್ನ ತಂಗಿ ತಿಳಿಗೇಡಿಯಲ್ಲ. ಬರುವ ಸೋಮವಾರದ ರೈಲಿಗೆ ನಾವು ಹೊರಡುತ್ತೇವೆ. ಆಜ್ಞೆ ಬಂದರೂ ಹೊರಡುತ್ತೇವೆ, ಬಾರದಿದ್ದರೂ ಹೊರಡುತ್ತೇವೆ. ಮತ್ತೆ ಹಿಂದಕ್ಕೆ ಕಳಿಸುವುದಾದರೆ ಆಯಾಳ ಬಾಯಿಂದ ಹೇಳಿಸಬೇಡಿ. ತಾವೇ ಹೊಸ್ತಿಲಿಗೆ ಬಂದು, ಆಕೆಯ ಮುಖ ನೋಡಿ ಹೇಳಿ.

ಇಂತಿ,
ಬೇಡುವ ವಿದ್ಯೆಯನ್ನು ಇಳಿವಯಸ್ಸಿನಲ್ಲಿ ಕಲಿಯಹೊರಟ
ಹಾಲಸ್ವಾಮಿ
ಕಂಪ್ಲಿ, ೧೯೩೯