ಕೊರಿನ್‌ಗೆ ಶಾಲೆ ಹುಡುಕಿದ ವರ್ಷ

ಈಗ ಯಾವ ವಿಳಾಸಕ್ಕೂ ಸಿಗದ ನನ್ನ ಅಮ್ಮನಿಗೆ,

ನಾಳೆ ನಿನ್ನ ಮೊಮ್ಮಗಳಿಗೆ ಶಾಲೆ ಶುರು. ನೀನು ಅವಳನ್ನು ನೋಡಿಲ್ಲ. ಹೆಸರು ಕೊರಿನ್. ಐದು ತುಂಬಿದೆ. ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ, ಅದೂ ಎಲ್ಲ ದಿನ ಅಲ್ಲ. ಅವಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ, ನೇತುಹಾಕಿ, ಅಡುಗೆಮನೆಯ ಮೇಜಿಗೆ ಬಂದು ಕೂತಿದ್ದೇನೆ. ಭಾನುವಾರದ ಮಧ್ಯಾಹ್ನ. ನನ್ನ ಗಂಡ ಅಲ್ವಿನ್ ಮಗಳನ್ನು ಐಸ್ ಗೋಲ ಕೊಡಿಸಲು ಕರೆದುಕೊಂಡು ಹೋಗಿದ್ದಾನೆ. ಮನೆ ಸದ್ದಿಲ್ಲದೆ ಇದೆ, ಸದ್ದಿಲ್ಲದಿದ್ದಾಗಲೆಲ್ಲ ನೀನು ಬರುತ್ತೀಯ.

ಈ ವರ್ಷ ನೀನು ಬಿಡದೆ ನನ್ನ ಬೆನ್ನ ಹಿಂದೆ ಇದ್ದೆ. ಯಾವ ಶಾಲೆಯ ಮೆಟ್ಟಿಲು ಹತ್ತಿದರೂ ನಿನ್ನ ಚಪ್ಪಟೆ ಶೂಗಳ ಸಪ್ಪಳ ಹಿಂದೆಯೇ. ಯಾವ ತರಗತಿಗೆ ಇಣುಕಿದರೂ ನಿನ್ನ ದನಿ ಕಿವಿಯ ಹತ್ತಿರ, "ಮುಂದಿನ ಸಾಲು ಬಿಡು, ಅದು ನೆಂಟರಿಗೆ ತೋರ್ಸೋದು. ಕೊನೇ ಸಾಲಲ್ಲಿ ಯಾರು ಕೂತಿದಾರೆ ನೋಡು." ಒಮ್ಮೆ ತಿರುಗಿ ನೋಡಿಯೂಬಿಟ್ಟೆ. ಹಿಂದೆ ನಿಂತಿದ್ದ ಹೆಂಗಸು ಪಾಪ ಹೆದರಿ ಕ್ಷಮೆ ಕೇಳಿದಳು.

ನೀನು ಹೋದ ಮೇಲೆ ನ್ಯೂ ಆರ್ಲಿಯನ್ಸ್‌ನಲ್ಲಿ ಏನಾಗಿದೆ ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ಊರು ಮುಳುಗಿಸಿದ ಚಂಡಮಾರುತಕ್ಕೆ ಹೆದರಿ ಓಡಿಹೋಗಿ ಹ್ಯೂಸ್ಟನ್‌ನ ದೊಡ್ಡಮ್ಮನ ಮನೆಯಲ್ಲಿ ಕೂತಿದ್ದ ನಿನಗೆ ಕೆಲಸ ಹೋದ ಕಾಗದ ಅಲ್ಲಿಗೇ ಬಂತಲ್ಲ, ನಿನ್ನ ಒಬ್ಬಳಿಗಲ್ಲ, ಊರಿನ ಮೇಷ್ಟರುಗಳಿಗೆಲ್ಲ ಬಂತಲ್ಲ, ಅಲ್ಲಿಂದ ಎಲ್ಲ ಬದಲಾಯಿತು. ಬೀದಿಗೊಂದು ಶಾಲೆ, ಆ ಬೀದಿಯ ಮಕ್ಕಳು ಆ ಶಾಲೆಗೆ ಎನ್ನುವ ಲೆಕ್ಕವೇ ಈಗ ಇಲ್ಲ. ಈಗಿರುವುದು ಹೆಚ್ಚುಕಡಿಮೆ ಎಲ್ಲವೂ ಚಾರ್ಟರ್ ಶಾಲೆಗಳು. ದುಡ್ಡು ಸರ್ಕಾರದ್ದು, ಫೀಸಿಲ್ಲ, ಆದರೆ ನಡೆಸುವವರು ಬೇರೆ ಬೇರೆ ಮಂಡಳಿಯವರು. ಮಕ್ಕಳಿಗೆ ಅಂಕ ಬಾರದಿದ್ದರೆ ಮಂಡಳಿಯನ್ನೇ ಮನೆಗೆ ಕಳಿಸುತ್ತಾರೆ. ತಂದೆತಾಯಿ ಊರಿನ ಯಾವ ಮೂಲೆಯ ಶಾಲೆಯನ್ನಾದರೂ ಕೇಳಬಹುದು. ಇಷ್ಟದ ಶಾಲೆಗಳನ್ನು ಮೊದಲನೆಯದು, ಎರಡನೆಯದು ಎಂದು ಸಾಲಾಗಿ ಬರೆದು ಕಳಿಸುವುದು ನಮ್ಮ ಕೆಲಸ. ಯಾರಿಗೆ ಯಾವುದು ಎಂದು ಚೀಟಿ ಎತ್ತುವುದು ಕಂಪ್ಯೂಟರಿನ ಕೆಲಸ.

ಹಾಗಾಗಿ ಚಳಿಗಾಲ ಬಂತೆಂದರೆ ಊರಿಗೆ ಊರೇ ಶಾಲೆಯ ಜ್ವರ ಹತ್ತಿ ಮಲಗುತ್ತದೆ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಮೇಜಿಗೆ ಕೂರುವವಳು, ನನಗೆ ಎಲ್ಲರ ಮಾತೂ ಕೇಳಬೇಕು. ಒಬ್ಬಳು ಸರ್ಕಾರ ಶಾಲೆಗೆ ಕೊಡುವ ಗ್ರೇಡ್ ನೋಡುತ್ತಾಳೆ. ಇನ್ನೊಬ್ಬಳಿಗೆ ಗ್ರೇಡ್ ಬೇಡ, ಸಂಜೆ ಆರರವರೆಗೆ ಮಗುವನ್ನು ಇಟ್ಟುಕೊಂಡರೆ ಸಾಕು. ಒಬ್ಬ ಅಜ್ಜಿ ಮಧ್ಯಾಹ್ನದ ಊಟದ ಹೊತ್ತಿಗೆ ಹೇಳದೆ ಕೇಳದೆ ಹೋಗಿ ಕೆಂಪು ಬೀನ್ಸ್ ಅನ್ನದ ರುಚಿ ನೋಡಿ ಬಂದಳಂತೆ. "ಬೀನ್ಸ್ ಬೇಯ್ಸೋಕೆ ತಾಳ್ಮೆ ಇಲ್ದೋರು ಮಕ್ಳಿಗೆ ಅಕ್ಷರ ಕಲಿಸ್ತಾರಾ" ಅಂದಳು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ.

ನಿನ್ನ ನಾದಿನಿಯ ಮಗಳು ಓಜೆಲ ಗೊತ್ತಲ್ಲ, ಈಗ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ಅವಳ ಪರೀಕ್ಷೆಯೇ ಬೇರೆ. ಕಾರ್ನಿವಲ್ ಮೆರವಣಿಗೆಯಲ್ಲಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಕೊರಿನ್ ಮಕ್ಕಳನ್ನು ಕೂರಿಸಲೆಂದು ಏಣಿಯ ತುದಿಗೆ ಬಡಿದ ಪೆಟ್ಟಿಗೆಯಲ್ಲಿ ಕೂತು, ಮೆರವಣಿಗೆಯ ಗಾಡಿಗಳಿಂದ ಎಸೆಯುವ ಮಣಿಸರ ಹಿಡಿಯುತ್ತಿದ್ದಳು. "ಗ್ರೇಡ್ ಗೀಡ್ ಎಲ್ಲ ಆಮೇಲೆ. ಸ್ಕೂಲ್ ಬ್ಯಾಂಡ್ ನೋಡೇ" ಅಂದಳು ಓಜೆಲ. "ಇಷ್ಟು ದೂರ ನಡ್ಕೊಂಡ್ ಬಂದ್ಮೇಲೂ ಕೊನೇ ಸಾಲಿನ ಡ್ರಮ್ ಹುಡುಗ್ರು ಮೊಣಕಾಲು ಎತ್ತಿ ಹಾಕ್ತಿದಾರೆ ಅಂದ್ರೆ, ಆ ಸ್ಕೂಲಲ್ಲಿ ಯಾರೋ ದೊಡ್ಡೋರು ಇದಾರೆ ಅಂತ ಅರ್ಥ. ಶೂ ಎಳ್ಕೊಂಡ್ ಬಂದ್ರು ಅಂದ್ರೆ ಆಫೀಸಿನೋರು ಮಾತ್ರ ಇದಾರೆ ಅಂತ." ನಗಬೇಡ ಅಮ್ಮ, ಊರಿನಲ್ಲಿ ಅರ್ಧ ಜನ ಶಾಲೆ ಆರಿಸುವುದು ಹೀಗೆಯೇ.

ಆಗ ಒಂದು ಬ್ಯಾಂಡ್ ಬಂತು. ಸಣ್ಣ ಮಕ್ಕಳು, ಆದರೆ ಒಂದು ಕಾಲೂ ತಪ್ಪಲಿಲ್ಲ. ಓಜೆಲ ನನ್ನ ಮೊಣಕೈ ಹಿಡಿದು ಮೆಲ್ಲಗೆ, "ನಿಮ್ಮಮ್ಮನ ಸ್ಕೂಲ್ ಕಣೇ" ಅಂದಳು. ಬ್ಯಾನರಿನ ಮೇಲೆ ಇದ್ದದ್ದು ಹೊಸ ಹೆಸರು, ಅಕಾಡೆಮಿ ಎಂಬ ಮಾತು ಸೇರಿಸಿಕೊಂಡ ಉದ್ದದ ಹೆಸರು. ಆದರೂ ನಮ್ಮ ಬೀದಿಯವರು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ನಾನು ಏಣಿ ಸರಿಪಡಿಸುವ ನೆವ ಮಾಡಿ ತಿರುಗಿಕೊಂಡೆ.

ಅಲ್ವಿನ್ ಆ ಶಾಲೆಯನ್ನು ಹಿಡಿದು ಬಿಡಲಿಲ್ಲ. "ನಡ್ಕೊಂಡ್ ಹೋಗೋ ದೂರ, ಗ್ರೇಡ್ ಚೆನ್ನಾಗಿದೆ, ನಿಮ್ಮಮ್ಮ ಇದ್ದ ಕಟ್ಟಡ. ಇನ್ನೇನು ಬೇಕು ನಿನಗೆ?" ಅಂದ. ಅದರ ಉತ್ತರ ಅವನಿಗೆ ಸೇರಿದ್ದಲ್ಲ, ನಿನಗೆ ಸೇರಿದ್ದು.

ಈಗ ಹೇಳುತ್ತೇನೆ. ನೀನು ಅಷ್ಟು ವರ್ಷ ಆ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡಿದೆ. ನಮ್ಮ ಬೀದಿಯ ಮಕ್ಕಳೆಲ್ಲ ನಿನ್ನ ಕೈಯಲ್ಲಿ ಕಲಿತರು, ನನ್ನೊಬ್ಬಳನ್ನು ಬಿಟ್ಟು. ನನ್ನನ್ನು ದಿನಾ ಎರಡು ಬಸ್ಸು ಬದಲಾಯಿಸಿ ಹೋಗುವ ಕಾನ್ವೆಂಟಿಗೆ ಹಾಕಿದೆ. ಬೆಳಿಗ್ಗೆ ನೀನು ಆ ಕಡೆ, ನಾನು ಈ ಕಡೆ. ಎದುರುಮನೆಯ ಹುಡುಗಿ ಬೇಕೆಂದೇ ನನ್ನ ಮುಂದೆ ತಲೆ ಅಲ್ಲಾಡಿಸಿ ಹೇಳುತ್ತಿದ್ದಳು, "ಇವತ್ತು ನಿಮ್ಮಮ್ಮ ನನಗೆ ಜಡೆ ಹಾಕಿದ್ರು." ಸಂಜೆ ನಾನು ಏನಾದರೂ ಹೇಳಲು ಹೊರಟರೆ ನೀನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ, "ಇವತ್ತಿನ ಮಾತೆಲ್ಲ ಮುಗೀತು ಪುಟ್ಟಿ, ನಾಳೆ ಹೇಳು" ಅನ್ನುತ್ತಿದ್ದೆ. ನಿನ್ನ ಮಾತನ್ನೆಲ್ಲ ಆ ಕಟ್ಟಡ ತಿಂದುಬಿಡುತ್ತಿತ್ತು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಕೊನೆಗೂ ಹೋದೆ, ಅಲ್ವಿನ್‌ನ ಬಾಯಿ ಮುಚ್ಚಿಸೋಣ ಎಂದು. ತಂದೆತಾಯಿಗಳಿಗೆ ಶಾಲೆ ತೋರಿಸುವ ದಿನ. ಬಾಗಿಲಲ್ಲಿ ಬಲೂನು, ಬಿಸ್ಕತ್ತು. ಕೊರಿನ್ ನನ್ನ ಕೈ ಹಿಡಿದಿದ್ದಳು. ನೆಲಕ್ಕೆಲ್ಲ ಹಳದಿ ಟೇಪು ಅಂಟಿಸಿದ್ದರು, ಮಕ್ಕಳು ಅದರ ಮೇಲೆಯೇ ಸಾಲಾಗಿ ನಡೆಯಬೇಕು. ಐದು ವರ್ಷದವರ ಕೋಣೆಯ ಬಾಗಿಲಿಗೆ ಯಾವುದೋ ವಿಶ್ವವಿದ್ಯಾಲಯದ ಹೆಸರು, ಕೆಳಗೆ ಅವರು ದೊಡ್ಡವರಾಗಿ ಪದವಿ ಪಡೆಯಬೇಕಾದ ಇಸವಿ. ಆ ಮಕ್ಕಳಿಗೆ ಇನ್ನೂ ಶೂ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಸಾಲಿನಲ್ಲಿದ್ದ ಮಕ್ಕಳೆಲ್ಲ ಕೆನ್ನೆ ಉಬ್ಬಿಸಿಕೊಂಡಿದ್ದರು. ಬಾಯಿ ತುಂಬ ಗಾಳಿ ಹಿಡಿದುಕೊಂಡರೆ ಮಾತು ಹೊರಗೆ ಬರುವುದಿಲ್ಲವಲ್ಲ, ಅದಕ್ಕೆ ಹಾಗೆ ಕಲಿಸಿದ್ದಾರೆ. ಕೊರಿನ್ ನೋಡಿದಳು, ತಾನೂ ಕೆನ್ನೆ ಉಬ್ಬಿಸಿಕೊಂಡಳು. ಆಮೇಲೆ ಮಾತೇ ಇಲ್ಲ. ನನ್ನ ಮಗಳು, ಅಮ್ಮ, ನಿದ್ದೆಯಲ್ಲೂ ಮಾತಾಡುವವಳು.

ಮಹಡಿಗೆ ಹತ್ತಿದೆವು. ನಿನ್ನ ಕೋಣೆ ಈಗ ಓದುವ ಕೋಣೆ, ಕಾರ್ಪೆಟ್ ಹಾಕಿದ್ದಾರೆ, ಕಪ್ಪು ಹಲಗೆ ಇಲ್ಲ. ಆದರೂ ಒಳಗೆ ಕಾಲಿಡುತ್ತಲೇ ಸೀಮೆಸುಣ್ಣದ ವಾಸನೆ ಬಂತು. ಯಾರೋ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ನಿಜಕ್ಕೂ ನೋಡುತ್ತಿದ್ದರು. ಬಾಗಿಲ ಹತ್ತಿರ ಒಬ್ಬ ಗಂಡಸು, ನನ್ನ ವಯಸ್ಸಿನವನೇ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ.

"ತಪ್ಪು ತಿಳ್ಕೋಬೇಡಿ. ಮಿಸ್ ಸೆಲೆಸ್ಟಿನ್ ಅವರಿಗೆ ನೀವು ಏನಾಗ್ಬೇಕು? ಹಣೆ ಅವರದ್ದೇ ಇದೆ" ಅಂದ.

ಮಗಳು ಅಂದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅವರಿಗೆ ಇನ್ನೊಬ್ಬಳು ಮಗಳು ಇದ್ದಳಾ?" ಅಂತ ಕೇಳಿದ. ಇಲ್ಲ, ನಾನೊಬ್ಬಳೇ ಅಂದೆ. ಅವನು ಮಗನನ್ನು ಕೆಳಗಿಳಿಸಿ, ತಲೆಯ ಮೇಲಿದ್ದ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅವನ ಹೆಸರು ಲಾಮಾರ್. ನಿನಗೆ ನೆನಪಿರಬೇಕು, ನೀನು ಯಾರನ್ನೂ ಮರೆತವಳಲ್ಲ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಅಲ್ಲಿ, ಕಿಟಕಿ ಪಕ್ಕ ಒಂದು ಡೆಸ್ಕ್ ಇತ್ತು. ಯಾವಾಗ್ಲೂ ಖಾಲಿ. ಕ್ಲಾಸಲ್ಲಿ ಜಾಗ ಇಲ್ದೆ ಇಬ್ಬಿಬ್ರು ಒಂದೇ ಕುರ್ಚೀಲಿ ಕೂತ್ರೂ ಅದ್ರಲ್ಲಿ ಯಾರೂ ಕೂರಂಗಿಲ್ಲ. ಮೊದಲ್ನೇ ದಿನಾನೇ ಹೇಳೋರು, ಇದು ನನ್ನ ಮಗಳ ಜಾಗ ಅಂತ. ಅಷ್ಟೇ, ಮುಂದಕ್ಕೆ ಒಂದು ಮಾತಿಲ್ಲ. ನಾವು ನೀವು ಸತ್ತೋಗಿದೀರ ಅಂತ ತಿಳ್ಕೊಂಡಿದ್ವಿ. ನಮ್ಗಿಂತ ದೊಡ್ಡ ಹುಡುಗ್ರೂ ಹಾಗೇ ಹೇಳೋರು, ನಿಮ್ಮ ಬೀದಿಯೋರು ಇಲ್ಲ ಇದಾಳೆ ಅಂದ್ರೂ ಯಾರೂ ನಂಬ್ತಿರ್ಲಿಲ್ಲ. ಮಳೆ ಬಂದ್ರೆ ಆ ಡೆಸ್ಕ್ ಕಡೆ ನೋಡ್ತಿರ್ಲಿಲ್ಲ ನಾವು. ಒಂದ್ಸಲ ಸಂತರ ಹಬ್ಬಕ್ಕೆ ಎಲ್ಲ ಸಮಾಧಿಗೆ ಹೂವು ತಗೊಂಡ್ ಹೋಗ್ತಾರಲ್ಲ, ನಾನು ನಮ್ಮಜ್ಜನ ಸಮಾಧಿಯಿಂದ ಒಂದು ಸೇವಂತಿಗೆ ಕದ್ದು ತಂದು ನಿಮ್ಮ ಡೆಸ್ಕಿನ ಮೇಲಿಟ್ಟೆ. ಮಿಸ್ ನೋಡಿದ್ರು. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಲೋಟಕ್ಕೆ ನೀರು ಹಾಕಿ ಹೂವನ್ನ ಅದ್ರಲ್ಲಿ ಇಟ್ರು."

ಅಷ್ಟು ವರ್ಷ ಎರಡು ಬಸ್ಸು ಬದಲಾಯಿಸಿ ಹೋಗುತ್ತ, ಈ ಕಟ್ಟಡದಲ್ಲಿ ನನಗೆ ಜಾಗವಿಲ್ಲ ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಇಲ್ಲಿ ನೋಡಿದರೆ ನಾನು ದಿನವೂ ಹಾಜರಿದ್ದೆ, ದೆವ್ವವಾಗಿ. ನನ್ನ ಮುಖವನ್ನೇ ನೋಡದ ಮಕ್ಕಳು ನನಗೆ ಹೆದರುತ್ತಿದ್ದರು.

ಯಾಕಮ್ಮ ಅವರಿಗೆ ಹೇಳಲಿಲ್ಲ? ಒಂದು ಮಾತು ಸಾಕಿತ್ತು, ಅವಳು ಚೆನ್ನಾಗಿದ್ದಾಳೆ, ಇನ್ನೊಂದು ಶಾಲೆಗೆ ಹೋಗುತ್ತಾಳೆ ಅಂತ. ಮನೆಗೆ ಬರುವ ದಾರಿಯುದ್ದಕ್ಕೂ ಇದನ್ನೇ ಕೇಳುತ್ತ ಬಂದೆ. ನಮ್ಮ ಬಾಗಿಲ ಹತ್ತಿರ ಬಂದಾಗ ತಾನಾಗಿ ಅರ್ಥವಾಯಿತು. ಆ ಮಾತು ಹೇಳಿದ್ದರೆ ಮಕ್ಕಳು ಮುಂದಿನ ಪ್ರಶ್ನೆ ಕೇಳುತ್ತಿದ್ದರು. ಯಾಕೆ ಮಿಸ್, ನಮ್ಮ ಶಾಲೆಗೆ ಯಾಕೆ ಬರುವುದಿಲ್ಲ? ಸೋರುವ ಸೂರು, ಹರಿದ ಪುಸ್ತಕ, ಒಂದು ಕುರ್ಚಿಯಲ್ಲಿ ಇಬ್ಬರು. ಇದು ನನ್ನ ಮಗಳಿಗೆ ಸಾಲದು, ನಿಮಗೆ ಸಾಕು, ಎಂದು ಆ ಮಕ್ಕಳ ಮುಖ ನೋಡಿ ನಿನಗೆ ಹೇಳಲಾಗಲಿಲ್ಲ. ನನ್ನನ್ನು ಸತ್ತವಳಾಗಿ ಇಟ್ಟುಕೊಳ್ಳುವುದೇ ಮೇಲು ಎಂದು ನಿನಗೆ ಅನ್ನಿಸಿತು. ನಿನ್ನ ಮೇಲೆ ಸಿಟ್ಟು ಬಂತು. ಅದರ ಬೆನ್ನಿಗೇ ಅಳುವೂ ಬಂತು.

ಕೊರಿನ್ ಅಲ್ಲಿಯವರೆಗೂ ಕೆನ್ನೆ ಉಬ್ಬಿಸಿಕೊಂಡೇ ಬಂದಿದ್ದಳು, ನಡುನಡುವೆ ಉಸಿರು ಬಿಟ್ಟು ಮತ್ತೆ ತುಂಬಿಕೊಂಡು. ನಾನು ಬೆರಳಿನಿಂದ ಕೆನ್ನೆ ಒತ್ತಿದೆ. ಪುಸ್ ಎಂದು ಗಾಳಿ ಹೋಯಿತು. "ಮಮ್ಮಿ, ಆ ಶಾಲೇಲಿ ನಾನು ಗೆದ್ದೆ ಅಲ್ವಾ?" ಅಂದಳು.

ಆ ಹಳದಿ ಟೇಪು ನನಗೆ ಇವತ್ತಿಗೂ ಹಿಡಿಸಿಲ್ಲ. ನೀನೇನು ಕಮ್ಮಿ ಇದ್ದೆ ಅಂತಲೂ ಅನ್ನಿಸುತ್ತದೆ, ನೀನು ಕಣ್ಣು ಬಿಟ್ಟರೆ ಚಡ್ಡಿ ಒದ್ದೆಯಾಗುತ್ತಿತ್ತು ಎಂದು ಲಾಮಾರ್ ಹೇಳಿದ. ಆದರೂ ನಾನು ಆ ಶಾಲೆಯನ್ನೇ ಮೊದಲನೆಯದಾಗಿ ಬರೆದೆ. ಬ್ಯಾಂಡಿಗೆ ಅಲ್ಲ, ಗ್ರೇಡಿಗೆ ಅಲ್ಲ. ನಮ್ಮ ಮನೆಯ ಒಂದು ಮಗು ಆ ಕೋಣೆಯಲ್ಲಿ ಜೀವಂತವಾಗಿ ಕೂರಬೇಕು ಎನ್ನುವುದಕ್ಕೆ. ಇದು ಶಾಲೆ ಆರಿಸುವ ರೀತಿಯಲ್ಲ ಎಂದು ಗೊತ್ತು. ಅಲ್ವಿನ್ ಖುಷಿಯಿಂದ ಕುಣಿದ. ಓಜೆಲ ಮಾತ್ರ ನನ್ನ ಮುಖ ನೋಡಿ, "ನೀನು ಶಾಲೆ ಆರಿಸಿದ್ಯೋ, ಅಮ್ಮನ್ನ ಹುಡುಕ್ಕೊಂಡ್ ಹೊರಟ್ಯೋ?" ಅಂತ ಕೇಳಿದಳು. ಎರಡೂ ಅಂದೆ.

ವಸಂತದಲ್ಲಿ ಫಲಿತಾಂಶ ಬಂತು. ಕೊರಿನ್‌ಗೆ ಆ ಶಾಲೆ ಸಿಗಲಿಲ್ಲ. ಇರುವ ಜಾಗಕ್ಕಿಂತ ಕೇಳಿದವರು ಹೆಚ್ಚು, ಕಂಪ್ಯೂಟರ್ ನಮ್ಮನ್ನು ಎತ್ತಲಿಲ್ಲ, ಅಷ್ಟೇ. ಅವಳಿಗೆ ಬಂದದ್ದು ನಾನು ಮೂರನೆಯದಾಗಿ ಬರೆದಿದ್ದ, ಕಾಲುವೆಯಾಚೆಯ ಶಾಲೆ. ಕೆಟ್ಟದ್ದಲ್ಲ. ನಾನು ನೋಡಲು ಹೋದ ದಿನ ಅಲ್ಲಿ ಊಟದ ಹೊತ್ತಿಗೆ ಮಕ್ಕಳು ಸಂತೆಯ ಹಾಗೆ ಗಲಾಟೆ ಮಾಡುತ್ತಿದ್ದರು, ಯಾರೂ ಸುಮ್ಮನಿರಿ ಅನ್ನಲಿಲ್ಲ. ಲಾಮಾರ್‌ನ ಮಗನಿಗೆ ನಿನ್ನ ಶಾಲೆ ಸಿಕ್ಕಿತು. ಅಲ್ವಿನ್ ಬೇಸಿಗೆಯೆಲ್ಲ ಕಚೇರಿಗೆ ಫೋನ್ ಮಾಡಿದ. ಯಾರೂ ಜಾಗ ಬಿಟ್ಟುಕೊಡಲಿಲ್ಲ. ನೀನು ನನ್ನನ್ನು ಬೇಕೆಂದೇ ಹೊರಗಿಟ್ಟೆ. ನಾನು ಮಗಳನ್ನು ಒಳಗೆ ಕಳಿಸಬೇಕೆಂದೆ, ಅವಳೂ ಹೊರಗೇ ಉಳಿದಳು.

ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಶುಕ್ರವಾರ ತಿಳಿಸಿದರು. ಊರಿನ ಈ ಭಾಗದ ಮಕ್ಕಳನ್ನೆಲ್ಲ ಹತ್ತಿಸಿಕೊಳ್ಳುವುದು ನಿನ್ನ ಶಾಲೆಯ ಮುಂದಿನ ಮೂಲೆಯಲ್ಲಂತೆ, ಬೆಳಕು ಹರಿಯುವ ಮೊದಲು. ಆ ಶಾಲೆಯ ಬಾಗಿಲು ತೆರೆಯುವಷ್ಟರಲ್ಲಿ ನಮ್ಮವಳು ಕಾಲುವೆ ದಾಟಿರುತ್ತಾಳೆ. ನಾಳೆಯಿಂದ ನಾವಿಬ್ಬರೂ ದಿನಾ ಅಲ್ಲಿ ನಿಲ್ಲುತ್ತೇವೆ, ನಿನ್ನ ಕಿಟಕಿಯ ಕೆಳಗೆ, ದೀಪದ ಕಂಬದ ಹತ್ತಿರ.

ನೀನು ಆ ಕೋಣೆ ಬಿಟ್ಟು ಹೋಗಿಲ್ಲ ಎಂದು ನನಗೆ ಗೊತ್ತು. ಹ್ಯೂಸ್ಟನ್‌ನಲ್ಲಿ ಮಣ್ಣು ಮಾಡಿದ್ದು ಇನ್ನೇನನ್ನೋ. ನಾಳೆ ಬೆಳಿಗ್ಗೆ ಕಿಟಕಿಗೆ ಬಂದು ಕೆಳಗೆ ನೋಡು. ಬಾಯಿ ಮುಚ್ಚದೆ ಮಾತಾಡುತ್ತ ನಿಂತಿರುವವಳೇ ಕೊರಿನ್. ಬಸ್ಸು ಬರುವವರೆಗೂ ಅವಳ ಮೇಲೆ ಕಣ್ಣಿಟ್ಟಿರು. ಅವಳು ಹೋದ ಮೇಲೆ ಕೋಣೆ ತುಂಬುತ್ತದೆ, ಮಕ್ಕಳು ನಿನ್ನನ್ನು ಕೇಳಬಹುದು, ಕಿಟಕಿಯಲ್ಲಿ ನಿಂತು ಯಾರನ್ನು ನೋಡ್ತಿದ್ರಿ ಮಿಸ್ ಅಂತ. ಈ ಸಲ ಹೇಳಿಬಿಡು ಅಮ್ಮ. ಅವಳಿಗೆ ಏನೂ ಆಗಿಲ್ಲ, ಬೇರೆ ಶಾಲೆಗೆ ಹೋಗುತ್ತಾಳೆ, ಸಂಜೆ ಮನೆಗೆ ಬರುತ್ತಾಳೆ.

ಅವಳ ನೆತ್ತಿಯ ಮೇಲೆ ನಿನ್ನ ಕೈ ಇರಲಿ. ನಿನಗೆ ಇನ್ನು ವಿಶ್ರಾಂತಿ ಸಿಗಲಿ.

ಬದುಕಿರುವ ನಿನ್ನ ಮಗಳು,
ಟ್ರಿನೆಲ್